ವಿದ್ಯುತ್ ಮಾರ್ಗಗಳ ದೋಷಸ್ಥಳ ಪತ್ತೆಯಲ್ಲಿ ಕೃತಕ ಬುದ್ಧಿಮತ್ತೆ: ಗ್ರಾಹಕರ ಮಾಹಿತಿಗಾಗಿ

ಪೀಠಿಕೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಹಾಗೂ ಕೆಂಗೇರಿ ಪ್ರದೇಶಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಗಾಳಿಮಳೆಯ ಸಂದರ್ಭದಲ್ಲಿ ಮರದ ಕೊಂಬೆಗಳು ತಂತಿಗಳ ಮೇಲೆ ಬಿದ್ದು ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವುದುಂಟು. ಇಂತಹ ಸಂದರ್ಭಗಳಲ್ಲಿ ಅನೇಕ ವೇಳೆ ದುರಸ್ತಿಗಿಂತ ದೋಷವಿರುವ ಸ್ಥಳವನ್ನು ಹುಡುಕುವುದಕ್ಕೇ ಹೆಚ್ಚು ಸಮಯ ತಗಲುತ್ತದೆ. ಈ ಹುಡುಕಾಟದ ಅವಧಿಯನ್ನು ಕಡಿತಗೊಳಿಸಲು ಕೃತಕ ಬುದ್ಧಿಮತ್ತೆಯ ವಿಧಾನಗಳು ಬಳಕೆಗೆ ಬರುತ್ತಿವೆ. ಇವುಗಳ ಕಾರ್ಯವಿಧಾನ, ಮಿತಿಗಳು ಹಾಗೂ ಸಾರ್ವಜನಿಕರು ನೀಡಬೇಕಾದ ಮಾಹಿತಿಯನ್ನು ಇಲ್ಲಿ ವಿವರಿಸಲಾಗಿದೆ.

ವಿದ್ಯುತ್ ಜಾಲದ ಸ್ವರೂಪ

ರಾಜ್ಯದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ಉದ್ದದ ಪ್ರಸರಣ ಮಾರ್ಗವನ್ನು ನಿರ್ಮಿಸಲಾಯಿತು. ಪ್ರಸ್ತುತ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು 400, 220, 110 ಮತ್ತು 66 ಕಿಲೋವೋಲ್ಟ್ ಮಾರ್ಗಗಳನ್ನು ನಿರ್ವಹಿಸುತ್ತದೆ. ಉಪಕೇಂದ್ರಗಳಿಂದ 11 ಕಿಲೋವೋಲ್ಟ್ ಫೀಡರ್‌ಗಳ ಮೂಲಕ ಮನೆಗಳವರೆಗೆ ವಿದ್ಯುತ್ ತಲುಪಿಸುವ ಹೊಣೆ 2002ರ ಜೂನ್ 1ರಿಂದ ಕಾರ್ಯಾರಂಭ ಮಾಡಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯದಾಗಿದೆ (ಬೆಸ್ಕಾಂ).

ದೋಷಸ್ಥಳ ಪತ್ತೆಯ ವಿಧಾನಗಳು

1. ಅಳತೆ ವಿಧಾನ: ದೋಷ ಸಂಭವಿಸಿದ ಕ್ಷಣದ ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹವನ್ನು ಉಪಕೇಂದ್ರದ ರಿಲೇ ಅಳೆದು, ಅದರ ಆಧಾರದ ಮೇಲೆ ದೂರವನ್ನು ಲೆಕ್ಕ ಹಾಕುತ್ತದೆ. ಮರದ ಕೊಂಬೆಯ ಮೂಲಕ ವಿದ್ಯುತ್ ಭೂಮಿಗೆ ಹರಿದಲ್ಲಿ ಕೊಂಬೆಯ ರೋಧವೂ ಸೇರಿ ಲೆಕ್ಕ ತಪ್ಪುವ ಸಂಭವವಿರುತ್ತದೆ.

2. ಅಲೆ ವಿಧಾನ: ದೋಷಸ್ಥಳದಿಂದ ಹೊರಟ ವಿದ್ಯುತ್ ಅಲೆಯು ಮಾರ್ಗದ ಎರಡು ತುದಿಗಳನ್ನು ತಲುಪಿದ ಸಮಯದ ವ್ಯತ್ಯಾಸದಿಂದ ಸ್ಥಳವನ್ನು ನಿರ್ಧರಿಸಲಾಗುತ್ತದೆ. ಮೇಲ್ಮಾರ್ಗದಲ್ಲಿ ಈ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀಟರ್ ಚಲಿಸುತ್ತದೆ. ಸಮಯದ ವ್ಯತ್ಯಾಸವನ್ನು ಅಳೆಯುವಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಾದರೆ ಸ್ಥಳವು ಸುಮಾರು 150 ಮೀಟರ್ ಆಚೀಚೆಯಾಗುತ್ತದೆ.

3. ಕೃತಕ ಬುದ್ಧಿಮತ್ತೆ ವಿಧಾನ: ದೋಷಗಳ ಸಾವಿರಾರು ತರಂಗ ದಾಖಲೆಗಳನ್ನು ನೀಡಿ ಗಣಕಯಂತ್ರಕ್ಕೆ ತರಬೇತಿ ಕೊಡಲಾಗುತ್ತದೆ. ನೈಜ ದಾಖಲೆಗಳು ಕಡಿಮೆ ಇರುವುದರಿಂದ ಗಣಕಯಂತ್ರದಲ್ಲಿಯೇ ಸೃಷ್ಟಿಸಿದ ಮಾದರಿ ದೋಷಗಳನ್ನೂ ಬಳಸಲಾಗುತ್ತದೆ. ಹೊಸ ದೋಷದ ದಾಖಲೆ ಬಂದಾಗ ಅದು ಯಾವ ಬಗೆಯದು, ಯಾವ ತಂತಿಯಲ್ಲಿದೆ ಹಾಗೂ ಅಂದಾಜು ಎಷ್ಟು ದೂರದಲ್ಲಿದೆ ಎಂಬುದನ್ನು ಈ ವ್ಯವಸ್ಥೆ ಸೂಚಿಸುತ್ತದೆ. ಡ್ರೋನ್ ತೆಗೆದ ಚಿತ್ರಗಳಲ್ಲಿ ಒಡೆದ ಇನ್ಸುಲೇಟರ್‌ಗಳನ್ನು ಹಾಗೂ ಉಷ್ಣ ಚಿತ್ರಗಳಲ್ಲಿ ಅತಿಯಾಗಿ ಬಿಸಿಯಾದ ಜೋಡಣೆಗಳನ್ನು ಗುರುತಿಸಲು ಸಹ ಇದನ್ನು ಬಳಸಬಹುದಾಗಿದೆ.

ನಗರ ಪ್ರದೇಶದ ವಿಶೇಷ ಸಮಸ್ಯೆ

ಪ್ರಸರಣ ಮಾರ್ಗವು ಸಾಮಾನ್ಯವಾಗಿ ಒಂದು ಉಪಕೇಂದ್ರದಿಂದ ಮತ್ತೊಂದಕ್ಕೆ ನೇರವಾಗಿ ಸಾಗುತ್ತದೆ. ಆದರೆ ಬಡಾವಣೆಯೊಳಗಿನ 11 ಕಿಲೋವೋಲ್ಟ್ ಫೀಡರ್ ಅಡ್ಡರಸ್ತೆಗಳಲ್ಲಿ ಕವಲೊಡೆಯುತ್ತದೆ. ದೋಷವು ಉಪಕೇಂದ್ರದಿಂದ 2 ಕಿ.ಮೀ. ದೂರದಲ್ಲಿದೆ ಎಂದು ತಿಳಿದರೂ ಅಷ್ಟೇ ದೂರದ ಸ್ಥಳಗಳು ಮೂರು ನಾಲ್ಕು ರಸ್ತೆಗಳಲ್ಲಿ ಇರಬಹುದು. ಯಾವ ಕವಲು ಎಂಬುದನ್ನು ನಿರ್ಧರಿಸಲು ಮಾರ್ಗದಲ್ಲಿ ಅಳವಡಿಸಿದ ದೋಷಸೂಚಕಗಳು, ಸ್ಮಾರ್ಟ್ ಮೀಟರ್‌ಗಳ ಸಂಕೇತಗಳು ಹಾಗೂ ಗ್ರಾಹಕರ ದೂರುಗಳು ನೆರವಾಗುತ್ತವೆ. ನೆಲದಡಿಯ ಕೇಬಲ್‌ಗಳಲ್ಲಿ ದೋಷವು ಕಣ್ಣಿಗೆ ಕಾಣದ ಕಾರಣ ವಿಶೇಷ ಉಪಕರಣಗಳಿಂದ ಪರೀಕ್ಷಿಸಿ, ಸ್ಥಳವನ್ನು ಖಚಿತಪಡಿಸಿಕೊಂಡ ನಂತರವೇ ಅಗೆಯಬೇಕಾಗುತ್ತದೆ.

ಮಿತಿಗಳು

ತುಂಡಾದ ತಂತಿಯು ಒಣ ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಬಿದ್ದಾಗ ಭೂಮಿಗೆ ಹರಿಯುವ ಪ್ರವಾಹ ಅತ್ಯಲ್ಪವಾಗಿರಬಹುದು. ಆಗ ರಿಲೇ ಅದನ್ನು ದೋಷವೆಂದು ಗ್ರಹಿಸದೆ ಸರಬರಾಜು ಮುಂದುವರಿಯುವ ಸಾಧ್ಯತೆ ಇದೆ. ಇಂತಹ ದೋಷಗಳನ್ನು ಗುರುತಿಸಲು ಕೃತಕ ಬುದ್ಧಿಮತ್ತೆಯನ್ನು ಬಳಸುವ ಸಂಶೋಧನೆಗಳು ನಡೆದಿವೆಯಾದರೂ ಯಾವ ವಿಧಾನವೂ ಪೂರ್ಣ ಖಚಿತವಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ವೈಟ್‌ಫೀಲ್ಡ್ ಸಮೀಪದ ಹೋಪ್ ಫಾರಂ ವೃತ್ತದಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ತಾಯಿ ಹಾಗೂ ಹಸುಗೂಸು ಮೃತಪಟ್ಟರು. ಆದುದರಿಂದ ಸುತ್ತಮುತ್ತ ವಿದ್ಯುತ್ ಇಲ್ಲದಿದ್ದರೂ, ಕಿಡಿ ಕಾಣದಿದ್ದರೂ, ಬಿದ್ದಿರುವ ಪ್ರತಿಯೊಂದು ತಂತಿಯಲ್ಲಿಯೂ ವಿದ್ಯುತ್ ಇದೆ ಎಂದೇ ಭಾವಿಸತಕ್ಕದ್ದು.

ಯಂತ್ರವು ಸ್ಥಳವನ್ನು ಸೂಚಿಸಿದ ಮೇಲೂ ಸಿಬ್ಬಂದಿ ಅಲ್ಲಿಗೆ ತೆರಳಿ, ಮಾರ್ಗದ ಸರಬರಾಜನ್ನು ನಿಲುಗಡೆ ಮಾಡಿಸಿ, ತಂತಿಗಳಿಗೆ ಭೂಸಂಪರ್ಕ ನೀಡಿದ ನಂತರವೇ ದುರಸ್ತಿ ಕೈಗೊಳ್ಳಬೇಕಾಗುತ್ತದೆ. ಈ ಅವಧಿಯನ್ನು ಕಡಿತಗೊಳಿಸಲು ಅವಕಾಶವಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

1. ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರತಕ್ಕದ್ದು. ಕೋಲು ಅಥವಾ ಇತರ ಯಾವುದೇ ವಸ್ತುವಿನಿಂದ ಅದನ್ನು ಸರಿಸಬಾರದು.

2. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕೂಡಲೇ ತಿಳಿಸತಕ್ಕದ್ದು. ನೆರೆಯವರು ಈಗಾಗಲೇ ತಿಳಿಸಿರಬಹುದೆಂದು ಸುಮ್ಮನಿರಬಾರದು.

3. ವಿದ್ಯುತ್ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ರಸ್ತೆಯ ಹೆಸರು, ಹತ್ತಿರದ ಗುರುತು ಹಾಗೂ ಕಂಬ ಅಥವಾ ಪರಿವರ್ತಕದ ಮೇಲೆ ಬರೆದಿರುವ ಸಂಖ್ಯೆಯನ್ನು ದೂರದಿಂದಲೇ ಓದಲು ಸಾಧ್ಯವಾದಲ್ಲಿ ಅದನ್ನೂ ತಿಳಿಸತಕ್ಕದ್ದು. ಶಬ್ದ ಕೇಳಿಬಂದ ಅಥವಾ ಬೆಂಕಿ ಕಂಡ ಸಮಯವನ್ನು ತಿಳಿಸುವುದು ಉಪಯುಕ್ತ.

4. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ವ್ಯತ್ಯಯ ಸರಿಪಡಿಸುವ ಕಾಲಮಿತಿಯನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸಿದ್ದು, ವಿಳಂಬದ ಬಗ್ಗೆ ಪ್ರಶ್ನಿಸಲು ಈ ಸಂಖ್ಯೆಯು ಆಧಾರವಾಗುತ್ತದೆ.

5. ಹೊಸ ಸಂಪರ್ಕ ಅಥವಾ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸುವವರು ಮನೆ ಸಂಖ್ಯೆ, ಅಡ್ಡರಸ್ತೆ, ಹಂತ ಹಾಗೂ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಸರಿಯಾಗಿ ನಮೂದಿಸತಕ್ಕದ್ದು. ಗ್ರಾಹಕರ ದೂರನ್ನು ಯಾವ ಪರಿವರ್ತಕಕ್ಕೆ ಸಂಬಂಧಿಸಿದ್ದೆಂದು ತಿಳಿಯುವುದು ಈ ದಾಖಲೆಯಿಂದಲೇ. ದಾಖಲೆ ತಪ್ಪಿದ್ದಲ್ಲಿ ಹುಡುಕಾಟವು ಬೇರೆ ರಸ್ತೆಯಿಂದ ಆರಂಭವಾಗುವ ಸಂಭವವಿರುತ್ತದೆ.

ಯಂತ್ರವು ಹುಡುಕಬೇಕಾದ ಪ್ರದೇಶವನ್ನು ಕಿರಿದಾಗಿಸುತ್ತದೆ; ಸ್ಥಳವನ್ನು ಖಚಿತಪಡಿಸುವುದು ಸ್ಥಳೀಯರ ನಿಖರ ಮಾಹಿತಿ ಹಾಗೂ ಸಿಬ್ಬಂದಿಯ ಪರಿಶೀಲನೆ. ಆದ್ದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.