ಪ್ರಮಾಣಪತ್ರ ಕೈಗೆ ಬಂತು, ಮುಂದೇನು?

ಕೆಲಸವಿಲ್ಲದ ಯುವಕ ಯುವತಿಯರಿಗೆ ಸರ್ಕಾರ ಕೊಡಬಹುದಾದದ್ದು ಮೂರು: ನೌಕರಿ, ಭತ್ಯೆ ಅಥವಾ ತರಬೇತಿ. ನೌಕರಿ ಎಲ್ಲರಿಗೂ ಸಾಲದು. ಭತ್ಯೆ ಬಹುಕಾಲ ನಡೆಯದು. ಆದ್ದರಿಂದ ಯಾವುದೇ ಸರ್ಕಾರದ ಕಣ್ಣು ಕೊನೆಗೆ ಬೀಳುವುದು ತರಬೇತಿಯ ಮೇಲೆಯೇ. ಸ್ವತಂತ್ರ ಭಾರತದಲ್ಲಿ ಇಂಥ ಯೋಜನೆಗಳು ಒಂದರ ಹಿಂದೊಂದು ಬಂದಿವೆ. ಆದರೆ ತರಬೇತಿ ಮುಗಿದ ಮರುದಿನ ಆ ಹುಡುಗ ಅಥವಾ ಹುಡುಗಿ ಯಾರ ಬಾಗಿಲು ತಟ್ಟಬೇಕು ಎಂದು ಯೋಚಿಸಿದ ಯೋಜನೆಗಳು ವಿರಳ. ಅಂಥ ಯೋಚನೆಯೊಂದು ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಹುಟ್ಟಿ ದೇಶದ ಯೋಜನೆಯಾದದ್ದು ಇಂದಿಗೂ ಗಮನಿಸಬೇಕಾದ ಸಂಗತಿ.

ಸೈನಿಕರಿಗಾಗಿ ಆರಂಭ

ಭಾರತದಲ್ಲಿ ಈ ಬಗೆಯ ತರಬೇತಿಯ ಮೂಲ ಎರಡನೇ ಮಹಾಯುದ್ಧದಲ್ಲಿದೆ. ಯುದ್ಧ ಮುಗಿದ 1945ರಲ್ಲಿ ಸೇನೆಯಿಂದ ಬಿಡುಗಡೆಯಾಗಿ ಬಂದವರಿಗೆ ದುಡಿಮೆಯ ದಾರಿ ತೋರಿಸಬೇಕಾಗಿತ್ತು. ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿಕೊಂಡದ್ದು ಆಗಲೇ. ದೇಶ ವಿಭಜನೆಯಾದಾಗ ನಿರಾಶ್ರಿತರೂ ಇದೇ ಸಾಲಿನಲ್ಲಿ ನಿಂತರು. ಬಳಿಕ ಈ ಕೇಂದ್ರಗಳು ಎಲ್ಲರಿಗೂ ತೆರೆದವು. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಬಂತು. ಇಂದು ಹಳ್ಳಿಯವರಿಗೂ ಗೊತ್ತಿರುವ ಐಟಿಐಗಳು ಅದರ ಫಲ. 1961ರ ಅಪ್ರೆಂಟಿಸ್ ಕಾಯ್ದೆಯು ಕಾರ್ಖಾನೆಗಳಲ್ಲೇ ಕೆಲಸ ಕಲಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು.

ಫಿಟ್ಟರ್, ಟರ್ನರ್, ವೆಲ್ಡರ್ ಕಲಿತವರಿಗೆ ಆಗ ಮುಂದೇನು ಎಂಬ ಚಿಂತೆ ಅಷ್ಟಾಗಿ ಇರಲಿಲ್ಲ. ಬೆಂಗಳೂರಿನಲ್ಲೇ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬೆಳೆಯುತ್ತಿದ್ದವು. ತರಬೇತಿಯ ಆಚೆ ದಡದಲ್ಲಿ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಆದರೆ ಹಳ್ಳಿಯಲ್ಲೇ ಉಳಿದ, ಅರ್ಧ ಓದಿದ, ತುಂಡು ಭೂಮಿಯ ಮನೆಗಳ ಮಕ್ಕಳಿಗೆ ಆ ಗೇಟು ದೂರವೇ ಇತ್ತು.

ಟ್ರೈಸೆಮ್ ಕಲಿಸಿದ ಪಾಠ

ಹಳ್ಳಿಯ ಯುವಜನರನ್ನೇ ಗುರಿಯಾಗಿಟ್ಟುಕೊಂಡ ದೊಡ್ಡ ಯೋಜನೆ 1979ರ ಆಗಸ್ಟ್ 15ರಂದು ಆರಂಭವಾದ ಟ್ರೈಸೆಮ್. 18ರಿಂದ 35 ವರ್ಷ ವಯಸ್ಸಿನ, ಬಡ ಕುಟುಂಬಗಳ ಎರಡು ಲಕ್ಷ ಮಂದಿಗೆ ವರ್ಷವೂ ಸ್ವಂತ ಉದ್ಯೋಗದ ತರಬೇತಿ ಕೊಡುವುದು ಅದರ ಗುರಿ. ಕಲಿಯುವಾಗ ಶಿಷ್ಯವೇತನ, ಕೈಗೆ ಸಲಕರಣೆ, ಆಮೇಲೆ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯಡಿ ಸಹಾಯಧನ ಸಹಿತ ಸಾಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು.

ಎಡವಿದ್ದು ಎಲ್ಲಿ? ಕಲಿಸುವವರು ಒಬ್ಬರು, ಫಲಾನುಭವಿಗಳನ್ನು ಆರಿಸುವವರು ಇನ್ನೊಬ್ಬರು, ಸಾಲ ಕೊಡುವವರು ಮತ್ತೊಬ್ಬರು. ಹೊಲಿಗೆಯಂಥ ಕೆಲವೇ ಕಸುಬುಗಳಿಗೆ ಹೆಚ್ಚಿನವರನ್ನು ತುಂಬಲಾಗುತ್ತಿದೆ ಎಂಬ ದೂರು ಕೇಳಿಬಂತು. ಶಿಷ್ಯವೇತನಕ್ಕಾಗಿಯೇ ಬಂದು, ಅದು ನಿಂತ ದಿನ ಕಸುಬನ್ನೂ ಮರೆತವರಿದ್ದರು. ನಿಜವಾಗಿ ಕಲಿತವರು ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಅಲೆದು ಸುಸ್ತಾದರು. ಎಷ್ಟು ಮಂದಿ ತರಬೇತಿ ಪಡೆದರು ಎಂಬ ಲೆಕ್ಕ ಮಾತ್ರ ತಪ್ಪದೆ ಮೇಲಿನ ಕಚೇರಿಗೆ ತಲುಪುತ್ತಿತ್ತು. 1999ರ ಏಪ್ರಿಲ್‌ನಲ್ಲಿ ಟ್ರೈಸೆಮ್ ಅನ್ನು ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು.

ಬಳೆ ಎಸೆಯುವ ಆಟ

ಇದಕ್ಕೂ ಮೊದಲೇ ನೆರೆಯ ಆಂಧ್ರದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರಿಗೆ ಒಂದು ಕುತೂಹಲವಿತ್ತು: ಸಾಧಿಸಬೇಕೆಂಬ ಛಲ ಹುಟ್ಟಿನಿಂದ ಬರುವುದೇ, ಅಥವಾ ಅದನ್ನು ಕಲಿಸಬಹುದೇ? 1964ರಲ್ಲಿ ಕಾಕಿನಾಡದ 52 ಮಂದಿ ವ್ಯಾಪಾರಸ್ಥರು ಹಾಗೂ ಉದ್ಯಮಿಗಳು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ವಿಸ್ತರಣಾ ತರಬೇತಿ ಸಂಸ್ಥೆಗೆ ಬಂದು ಈ ಪ್ರಯೋಗಕ್ಕೆ ಒಳಗಾದರು.

ಇಂಥ ತರಬೇತಿಯ ಪ್ರಸಿದ್ಧ ಆಟವೊಂದಿದೆ. ನೆಲದಲ್ಲಿ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರ ನಿಲ್ಲಬೇಕೆಂಬುದು ಅವರವರ ಇಷ್ಟ. ಗೂಟದ ಪಕ್ಕದಲ್ಲೇ ನಿಂತವನಿಗೆ ಗೆಲುವು ಖಚಿತ, ಆದರೆ ಸಾಧನೆಯಿಲ್ಲ. ಬಹುದೂರ ನಿಂತವನು ಅದೃಷ್ಟವನ್ನು ನಂಬಿದವನು. ತನ್ನ ಶಕ್ತಿಯನ್ನು ಅಳೆದು, ಕಷ್ಟವಾದರೂ ಸಾಧ್ಯವಾಗುವ ದೂರದಲ್ಲಿ ನಿಲ್ಲುವವನೇ ಉದ್ಯಮಿಯಾಗಬಲ್ಲ ಎಂಬುದು ಮೆಕ್ಲೆಲೆಂಡ್ ಅವರ ತರ್ಕ. ತರಬೇತಿಯ ನಂತರದ ಎರಡು ವರ್ಷಗಳಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ವಹಿವಾಟಿನಲ್ಲಿ ಹೊಸ ಚುರುಕು ತೋರಿದರು. ತರಬೇತಿ ಪಡೆಯದ ಇತರರಲ್ಲಿ ಇಂಥವರು ಕಾಲು ಭಾಗದಷ್ಟಿದ್ದರು.

ಕಾಕಿನಾಡದವರು ಆಗಲೇ ವ್ಯವಹಾರದಲ್ಲಿದ್ದವರು ಎಂಬುದನ್ನು ಮರೆಯುವಂತಿಲ್ಲ. ಮುಂದೆ 1970ರಿಂದ ಗುಜರಾತ್ ಇದೇ ಕ್ರಮವನ್ನು ಹೊಸದಾಗಿ ಉದ್ಯಮಕ್ಕೆ ಇಳಿಯುವವರಿಗೆ ಅನ್ವಯಿಸಿತು. ಆದರೆ ಬಂಡವಾಳವೇ ಇಲ್ಲದ ಹಳ್ಳಿಯ ನಿರುದ್ಯೋಗಿಗೆ ಛಲವೊಂದರಿಂದ ಅಂಗಡಿ ತೆರೆಯಲಾಗದು. ಛಲದ ಜೊತೆಗೆ ಕಸುಬು, ಕಸುಬಿನ ಜೊತೆಗೆ ಸಾಲ, ಈ ಮೂರೂ ಒಂದೆಡೆ ಸಿಗಬೇಕಿತ್ತು.

ಉಜಿರೆಯ ದಾರಿ

ಈ ಮೂರನ್ನೂ ಒಂದೇ ಸೂರಿನಡಿ ತಂದದ್ದು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ರುಡ್‌ಸೆಟ್. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಆಶಯಕ್ಕೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್ ಜೊತೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದವು. ಎರಡೂ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳು. 1928ರಲ್ಲಿ ಪಿಗ್ಮಿ ಠೇವಣಿಯ ಮೂಲಕ ಮನೆಬಾಗಿಲಿಗೆ ಹೋಗಿ ಚಿಲ್ಲರೆ ಕಾಸು ಕೂಡಿಸಿದ್ದ ಸಿಂಡಿಕೇಟ್ ಬ್ಯಾಂಕಿಗೆ ಸಣ್ಣವರ ವ್ಯವಹಾರ ಹೊಸದಾಗಿರಲಿಲ್ಲ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ರುಡ್‌ಸೆಟ್ ಕ್ರಮ ಸರಳ. ತರಬೇತಿ ಕೆಲವೇ ವಾರಗಳದ್ದು. ಊಟ, ವಸತಿ ಉಚಿತ, ಶಿಷ್ಯವೇತನದ ಆಕರ್ಷಣೆ ಇಲ್ಲ. ಬೆಳಿಗ್ಗೆ ಶ್ರಮದಾನ; ತರಗತಿ ಆರಂಭವಾಗುವುದು ನಿನ್ನೆ ಕಲಿತ ಮುಖ್ಯ ಪಾಠ ಯಾವುದೆಂದು ಶಿಬಿರಾರ್ಥಿಗಳೇ ಎದ್ದು ಹೇಳುವುದರೊಂದಿಗೆ. ಹೈನುಗಾರಿಕೆ, ಜೇನು ಸಾಕಣೆ, ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ ಹೀಗೆ ಕಸುಬು ಕಲಿಸುವುದರ ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಯೊಡನೆ ಮಾತನಾಡುವುದನ್ನೂ ಕಲಿಸುತ್ತಾರೆ. ಸಾಧನೆಯ ಛಲ ಮೂಡಿಸುವ ಪಾಠದಲ್ಲಿ ಅದೇ ಬಳೆ ಎಸೆಯುವ ಆಟವೂ ಉಂಟು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಶಿಬಿರ ಮುಗಿದ ಮೇಲಿನ ಎರಡು ವರ್ಷ. ತರಬೇತಿ ಪಡೆದವರು ಉದ್ಯೋಗ ಆರಂಭಿಸಿದರೇ, ಸಾಲ ಸಿಕ್ಕಿತೇ, ತೊಡಕು ಎಲ್ಲಿದೆ ಎಂದು ಸಂಸ್ಥೆಯವರೇ ವಿಚಾರಿಸುತ್ತಾರೆ. ಸಂಸ್ಥೆಯ ನಿರ್ದೇಶಕರು ಬ್ಯಾಂಕಿನಿಂದ ಬಂದ ಅಧಿಕಾರಿಯೇ ಆಗಿರುವುದರಿಂದ ಸಾಲದ ಅರ್ಜಿಗೂ ಒಂದು ದಾರಿ ಇರುತ್ತದೆ. ಎಷ್ಟು ಮಂದಿ ಕಲಿತರು ಎಂಬುದಲ್ಲ, ಎಷ್ಟು ಮಂದಿ ನೆಲೆ ಕಂಡರು ಎಂಬುದು ಇಲ್ಲಿನ ಅಳತೆಗೋಲು.

ಜಿಲ್ಲೆಗೊಂದು ಸಂಸ್ಥೆ

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಸ್ಥಾಪಿಸುವ ಯೋಜನೆ ಕೈಗೊಂಡಿತು. ರಾಜ್ಯ ಸರ್ಕಾರ ಜಾಗ ಕೊಡಬೇಕು, ಕೇಂದ್ರ ಕಟ್ಟಡಕ್ಕೆ ನೆರವು ನೀಡಬೇಕು, ಜಿಲ್ಲೆಯ ಮುಖ್ಯ ಬ್ಯಾಂಕು ನಡೆಸಬೇಕು. ಇದರ ಬೆನ್ನಿಗೇ ಕೂಲಿ ಉದ್ಯೋಗಕ್ಕೆ ಸಜ್ಜುಗೊಳಿಸುವ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ 2014ರಲ್ಲಿ, ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ 2015ರಲ್ಲಿ ಬಂದವು. ಕರ್ನಾಟಕ ಸರ್ಕಾರ 2023ರ ಕೊನೆಯಲ್ಲಿ ಯುವನಿಧಿ ಯೋಜನೆಗೆ ನೋಂದಣಿ ಆರಂಭಿಸಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುವುದಾಗಿ ಪ್ರಕಟಿಸಿತು.

ಭತ್ಯೆಗೂ ಎರಡು ವರ್ಷ, ಉಜಿರೆಯ ನಿಗಾಕ್ಕೂ ಎರಡು ವರ್ಷ. ಈ ಅವಧಿಯಲ್ಲಿ ಯುವಕನ ಬದುಕು ಎಷ್ಟು ಮುಂದೆ ಹೋಯಿತು ಎಂಬುದೇ ಎರಡಕ್ಕೂ ನಿಜವಾದ ಪರೀಕ್ಷೆ. ಯೋಜನೆ ದೊಡ್ಡದಾದಂತೆ ತಲೆ ಎಣಿಸುವ ಹಳೆಯ ಚಟ ಮರಳಿ ಬರುವುದು ಸುಲಭ. ನೆಲೆ ಕಂಡವರ ಪಟ್ಟಿಯಲ್ಲೂ ದಿನದ ಖರ್ಚಿಗಷ್ಟೇ ದುಡಿಯುವವರು ಇರಬಹುದು. ಸ್ವಂತ ಉದ್ಯೋಗವು ಊರಿನವರ ಕೈಯಲ್ಲಿ ಕಾಸಿದ್ದರೆ ಮಾತ್ರ ನಡೆಯುವಂಥದ್ದು. ಮಳೆ ಕೈಕೊಟ್ಟ ವರ್ಷ ಮೊಬೈಲ್ ರಿಪೇರಿಯವನ ಅಂಗಡಿಯೂ ಬಣಗುಡುತ್ತದೆ.

ಹೀಗಿದ್ದರೂ ಟ್ರೈಸೆಮ್ ಎಡವಿದಲ್ಲಿ ಉಜಿರೆಯ ಕ್ರಮ ನಿಂತಿತು. ಎರಡೂ ಕಲಿಸಿದ್ದು ಹೆಚ್ಚುಕಡಿಮೆ ಅವೇ ಕಸುಬುಗಳನ್ನು. ವ್ಯತ್ಯಾಸವಿದ್ದದ್ದು ಪ್ರಮಾಣಪತ್ರ ಕೊಟ್ಟ ಮೇಲೆ ಯಾರಾದರೂ ಮನೆತನಕ ಬಂದು ವಿಚಾರಿಸಿದರೇ ಎಂಬುದರಲ್ಲಿ.