ಎಬಿಸಿಡಿಗಿಂತ ಮೊದಲೇ ಬಂದ ಅಬ್ಜದ್

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ಹೆಸರುಗಳನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಉರ್ದುವಿನಲ್ಲಿ ಬರೆದು ನೋಡಿ. ಮೊದಲೆರಡು ಊರು ಇಂಗ್ಲಿಷಿನಲ್ಲಿ ‘ಎ’ಯಿಂದ, ಉರ್ದುವಿನಲ್ಲಿ ‘ಅಲಿಫ್’ನಿಂದ ಶುರುವಾಗುತ್ತವೆ. ಒಂದು ಬರಹ ಎಡದಿಂದ ಹೊರಡುತ್ತದೆ, ಇನ್ನೊಂದು ಬಲದಿಂದ. ಮೇಲ್ನೋಟಕ್ಕೆ ಯಾವ ಹೋಲಿಕೆಯೂ ಇಲ್ಲ. ಆದರೂ ಎ ಮತ್ತು ಅಲಿಫ್ ಒಂದೇ ತಾಯಿಯ ಮಕ್ಕಳು.

ಆ ತಾಯಿಯ ಹೆಸರು ‘ಆಲೆಫ್’. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ, ಈಗಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರು ಬಳಸುತ್ತಿದ್ದ 22 ಅಕ್ಷರಗಳಲ್ಲಿ ಅದೇ ಮೊದಲನೆಯದು. ಆಲೆಫ್ ಎಂದರೆ ಎತ್ತು. ಇಂಗ್ಲಿಷಿನ ದೊಡ್ಡ ‘ಎ’ಯನ್ನು ತಲೆಕೆಳಗು ಮಾಡಿ: ಎರಡು ಕೊಂಬು, ಕೆಳಗೆ ಚೂಪಾದ ಮೋತಿ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಮ್ಮ ಭಾಗದವರಿಗೆ ಆ ತಲೆಯ ಗುರುತು ಹೇಳಿಕೊಡಬೇಕಿಲ್ಲ. ಈ ಅಕ್ಷರಗಳನ್ನು ಗ್ರೀಕರು ತೆಗೆದುಕೊಂಡಾಗ ಆಲೆಫ್ ‘ಆಲ್ಫಾ’ ಆಯಿತು, ಮನೆ ಎಂಬ ಅರ್ಥದ ‘ಬೇತ್’ ‘ಬೀಟಾ’ ಆಯಿತು. ಎರಡೂ ಕೂಡಿ ‘ಆಲ್ಫಬೆಟ್’. ಗ್ರೀಕರ ಬಾಯಲ್ಲಿ ಅರ್ಥ ಉದುರಿತು, ಉಚ್ಚಾರ ಉಳಿಯಿತು. ಅರಬ್ಬಿಯಲ್ಲಿ ಅದೇ ಆಲೆಫ್ ‘ಅಲಿಫ್’ ಆಯಿತು; ಅಲ್ಲಿ ಮನೆಗೆ ಇಂದಿಗೂ ‘ಬೈತ್’ ಎಂದೇ ಹೆಸರು.

ಉರ್ದು ಶಾಲೆಯ ಮಕ್ಕಳು ಈಗ ಕಲಿಯುವ ಅಲಿಫ್, ಬೇ, ಪೇ, ತೇ ಎಂಬ ಸಾಲು ಅಕ್ಷರಗಳ ಆಕಾರ ನೋಡಿ ಆಮೇಲೆ ಜೋಡಿಸಿದ್ದು. ಹಳೆಯ ಸಾಲು ಅಲಿಫ್, ಬೇ, ಜೀಮ್, ದಾಲ್. ನಾಲ್ಕನ್ನೂ ಕೂಡಿಸಿ ಓದಿದರೆ ‘ಅಬ್ಜದ್’. ಎಬಿಸಿಡಿ ಎಂಬ ಮಾತು ಹುಟ್ಟಿದ್ದೂ ಹೀಗೆಯೇ. ಅಬ್ಜದ್‌ನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಬೆಲೆ: ಅಲಿಫ್ 1, ಬೇ 2, ಜೀಮ್ 3, ದಾಲ್ 4. ನಮ್ಮ ಕಡೆಯ ಆಟೋ, ಅಂಗಡಿಗಳ ಮೇಲೆ ಕಾಣುವ 786 ಇದೇ ಲೆಕ್ಕದ್ದು. ಬಿಸ್ಮಿಲ್ಲಾ ವಾಕ್ಯದ ಅಕ್ಷರಗಳನ್ನೆಲ್ಲ ಕೂಡಿದರೆ ಬರುವ ಮೊತ್ತ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, ಇದೇ ಅಕ್ಷರಗಳ ಪಾರಸಿ ಬರಹ ಇಲ್ಲಿ ಬೇರೂರಿತು. ಇಂಗ್ಲಿಷರ ಎಬಿಸಿಡಿ ಬರುವ ಎಷ್ಟೋ ಮುಂಚೆ ಅದರ ಬಳಗ ಭೀಮೆಯ ದಂಡೆಗೆ ಬಂದಿತ್ತು.

ಜೇವರ್ಗಿಯ ಕಥೆ ಬೇರೆ. ಉರ್ದುವಿನ ಜೀಮ್, ಇಂಗ್ಲಿಷಿನ ‘ಜೆ’ ಎರಡರ ಉಚ್ಚಾರ ಒಂದೇ, ವಂಶ ಬೇರೆ. ಜೀಮ್ ಹುಟ್ಟಿದ್ದು ‘ಗಿಮೆಲ್’ ಅಕ್ಷರದಿಂದ. ಅದರಿಂದಲೇ ಗ್ರೀಕರ ಗಾಮಾ, ರೋಮನ್ನರ ‘ಸಿ’ ಬಂದವು; ಸಿ‌ಗೆ ಒಂದು ಗೆರೆ ಸೇರಿ ‘ಜಿ’ ಆಯಿತು. ‘ಜೆ’ ಮಾತ್ರ ‘ಐ’ ಅಕ್ಷರಕ್ಕೆ ಬಾಲ ಎಳೆದು ಮಾಡಿದ್ದು. ಇವೆರಡನ್ನೂ ಬೇರೆ ಅಕ್ಷರಗಳೆಂದು ಇಟಲಿಯ ತ್ರಿಸ್ಸಿನೊ 1524ರಲ್ಲಿ ವಾದಿಸಿದ. 1611ರ ಇಂಗ್ಲಿಷ್ ಬೈಬಲಿನಲ್ಲಿ ಜೀಸಸ್ ಹೆಸರು ಇನ್ನೂ ‘ಐ’ ಅಕ್ಷರದಿಂದಲೇ ಅಚ್ಚಾಗಿತ್ತು.

ಜೇವರ್ಗಿ ಸೀಮೆ ದಾಟಿ ಹರಿದ ಭೀಮೆ ಸನ್ನತಿ ತಲುಪುತ್ತದೆ. ಅಲ್ಲಿ ಅಶೋಕನ ಶಾಸನಗಳು ಬ್ರಾಹ್ಮಿಯಲ್ಲಿವೆ. ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಯೂ ಫಿನೀಷಿಯನ್ ಬಳಗದ ಅರಮಾಯಿಕ್‌ನಿಂದ ಬಂದಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ.

ನಮ್ಮ ತಾಲ್ಲೂಕುಗಳ ಶಿಕ್ಷಕರಲ್ಲಿ ಒಂದು ಕೋರಿಕೆ: 1ನೇ ತರಗತಿಯ ಹಲಗೆಯ ಮೇಲೆ ‘ಎ’ ಬರೆದ ದಿನವೇ ಪಕ್ಕದಲ್ಲಿ ಅಲಿಫ್ ಕೂಡ ಬರೆಯಿರಿ, ಎರಡರ ನಂಟನ್ನು ಮಕ್ಕಳಿಗೆ ಹೇಳಿ.