ನಾಣೇಘಾಟದ ಸುಂಕ

ಕಲ್ಯಾಣದಿಂದ ಮಾಳಶೇಜ್ ಘಾಟಿಗೆ ಹೋಗುವ ಹೆದ್ದಾರಿಯಲ್ಲಿ, ವೈಶಾಖರೆ ಹಳ್ಳಿಯ ಆಸುಪಾಸಿನಲ್ಲಿ ಒಂದು ಕಾಲುದಾರಿ ಕಾಡಿಗೆ ತಿರುಗುತ್ತದೆ. ಎರಡು ಮೂರು ತಾಸಿನ ಏರಿನ ನಂತರ ಅದು ಸಹ್ಯಾದ್ರಿಯ ಒಂದು ಕಿರಿದಾದ ಸೀಳನ್ನು ಹೊಕ್ಕು ದಖ್ಖನಿನ ಬಯಲಿಗೆ ತೆರೆದುಕೊಳ್ಳುತ್ತದೆ. ಇದೇ ನಾಣೇಘಾಟ್. ಮರಾಠಿಯ ‘ನಾಣೆ’ ಮತ್ತು ಕನ್ನಡದ ‘ನಾಣ್ಯ’ ಎರಡರ ಮೂಲವೂ ಒಂದೇ. ಘಟ್ಟದ ನೆತ್ತಿಯಲ್ಲಿ ದೊಡ್ಡದೊಂದು ಕಲ್ಲಿನ ಗುಡಾಣವಿದೆ. ವರ್ತಕರು ಅದರೊಳಗೆ ಸುಂಕದ ಹಣ ಹಾಕಿ ಮುಂದೆ ಹೋಗುತ್ತಿದ್ದರೆಂದು ಊರಿನವರು ಹೇಳುತ್ತಾರೆ.

ಸುಂಕ ಕಟ್ಟುವಷ್ಟು ಸರಕು ಇಲ್ಲಿ ಓಡಾಡಿದ್ದು ನಿಜ. ಕೆಳಗೆ ಕಲ್ಯಾಣ ಮತ್ತು ಸೋಪಾರ ಬಂದರುಗಳು, ಮೇಲೆ ಜುನ್ನರ್, ಅದರಾಚೆ ಸಾತವಾಹನರ ಪೈಠಣ. ಇವನ್ನೆಲ್ಲ ಹೇರೆತ್ತುಗಳ ಸಾಲು ಬೆಸೆಯುತ್ತಿತ್ತು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕಡಲ ಕೈಪಿಡಿ ‘ಪೆರಿಪ್ಲಸ್’ ಕಲ್ಯಾಣದ ಏಳುಬೀಳನ್ನು ದಾಖಲಿಸಿದೆ. ಹಿಂದಿನ ರಾಜನ ಕಾಲದಲ್ಲಿ ಅದು ಮುಕ್ತ ಬಂದರಾಗಿತ್ತು. ಆಮೇಲೆ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸಲಾಗುತ್ತಿತ್ತು. ಬಂದರು ಮುಚ್ಚಿದರೆ ಘಟ್ಟಕ್ಕೂ ಪೆಟ್ಟು ಬಿದ್ದಿರಲೇಬೇಕು.

ಇಂಥ ದಾರಿಯ ತುದಿಯಲ್ಲೇ ರಾಣಿ ನಾಗನಿಕೆ ತನ್ನ ಮನೆತನದ ಲೆಕ್ಕ ಬರೆಸಿದಳು. ಅವಳು ಸಾತಕರ್ಣಿಯ ಹೆಂಡತಿ. ಶಾಸನ ಹುಟ್ಟಿದ್ದು ಅವನು ತೀರಿಕೊಂಡ ಮೇಲೆ, ಬಹುಪಾಲು ವಿದ್ವಾಂಸರ ಪ್ರಕಾರ ಕ್ರಿ.ಪೂ. ಒಂದನೆಯ ಶತಮಾನದಲ್ಲಿ. ಬಂಡೆಯಲ್ಲಿ ಕೊರೆದ ಗವಿಯ ಎರಡು ಗೋಡೆಗಳ ಮೇಲೆ, ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶ್ವಮೇಧ, ರಾಜಸೂಯಗಳ ಪಟ್ಟಿಯಿದೆ. ಯಾವ ಯಾಗಕ್ಕೆ ಎಷ್ಟು ದಕ್ಷಿಣೆ ಎಂಬುದೂ ಇದೆ: ಒಂದು ಕಡೆ 1,700 ಹಸು ಮತ್ತು 10 ಆನೆ, ಇನ್ನೊಂದು ಕಡೆ 11,000 ಹಸು ಮತ್ತು 1,000 ಕುದುರೆ. ಹಿಂದಿನ ಗೋಡೆಯಲ್ಲಿ ರಾಜಮನೆತನದವರ ಮೂರ್ತಿಗಳಿದ್ದವು. ಈಗ ಪಾದಗಳ ಗುರುತು ಮತ್ತು ಮೇಲೆ ಬರೆದ ಹೆಸರುಗಳಷ್ಟೇ ಉಳಿದಿವೆ.

ಈ ಲೆಕ್ಕದ ಅಂಕಿಗಳೇ ಶಾಸನವನ್ನು ಜಗತ್ತಿಗೆ ಪರಿಚಯಿಸಿದವು. 1828ರಲ್ಲಿ ವಿಲಿಯಂ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು ವಿದ್ವಾಂಸರ ಗಮನಕ್ಕೆ ತಂದ. ಮುಂದೆ ಭಗವಾನ್‌ಲಾಲ್ ಇಂದ್ರಜಿ ಅಂಕಿಗಳನ್ನು ಅಭ್ಯಸಿಸಿದರು. ಇಲ್ಲಿ ಸೊನ್ನೆಯಿಲ್ಲ, ಸ್ಥಾನಬೆಲೆಯಿಲ್ಲ. ಹತ್ತು, ನೂರು, ಸಾವಿರಕ್ಕೆ ಬೇರೆಬೇರೆ ಚಿಹ್ನೆಗಳಿವೆ. ಕನ್ನಡದ ಅಂಕಿಗಳೂ ಇದೇ ಬ್ರಾಹ್ಮಿ ಬಳ್ಳಿಯ ಕುಡಿಗಳು.

ಯಾಗದ ಲೆಕ್ಕವನ್ನು ರಾಜಧಾನಿಯಲ್ಲಿ ಬರೆಸದೆ ಘಟ್ಟದ ಮೇಲೆ ಯಾಕೆ ಬರೆಸಿದರು? ಸುಂಕ ಕೊಟ್ಟವರು ಓದಲಿ ಎಂದಿರಬಹುದು. ಕೊಟ್ಟ ಹಣಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದೂ ಇತ್ತು: ಕಲ್ಲು ಹಾಸಿದ ದಾರಿ, ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿಗಳು, ತಂಗಲು ಗವಿಗಳು. ಮುಂದಿನ ಶತಮಾನಗಳಲ್ಲಿ ಜೀವಧನ್, ಚಾವಂಡ್, ಹಡಸರ್, ಶಿವನೇರಿ ಕೋಟೆಗಳು ಈ ದಾರಿಯ ಮೇಲೆ ಕಣ್ಣಿಟ್ಟವು. ದಾರಿಯ ಸುರಕ್ಷತೆ ಅಂದೂ ಪುಕ್ಕಟೆಯಾಗಿರಲಿಲ್ಲ. ಯಾರೋ ಖರ್ಚು ಮಾಡಿ ಕಟ್ಟಿದ್ದು, ಕಾಪಾಡಿದ್ದು. 1830ರಲ್ಲಿ ಭೋರ್ ಘಾಟಿನ ಗಾಡಿರಸ್ತೆ, 1863ರಲ್ಲಿ ಅಲ್ಲಿಯೇ ರೈಲು ಬಂದ ಮೇಲೆ ಸರಕೆಲ್ಲ ಅತ್ತ ಹರಿಯಿತು.

ಈಗ ಸುಂಕದವನೂ ಇಲ್ಲ, ಕಾವಲಿನವನೂ ಇಲ್ಲ. ಆ ಕೆಲಸ ಚಾರಣಿಗನ ತಲೆಯ ಮೇಲೆ ಬಿದ್ದಿದೆ. ಮುಂಬೈ, ಪುಣೆಗಳಿಂದ ಜನ ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ, ಗಾಳಿಗೆ ಜಲಪಾತ ಮೇಲಕ್ಕೆ ಚಿಮ್ಮುವುದನ್ನು ನೋಡಲು. ಆದರೆ ನೀರನ್ನು ಹಿಂದಕ್ಕೆ ದೂಡುವ ಗಾಳಿ ಮನುಷ್ಯನನ್ನೂ ಅಂಚಿನಲ್ಲಿ ತೂಗಾಡಿಸುತ್ತದೆ. ಎರಡು ಸಾವಿರ ವರ್ಷ ತುಳಿದ ಕಲ್ಲು ನುಣುಪಾಗಿದೆ. ಪಾಚಿ ಕಟ್ಟಿದರೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಹಳ್ಳ ತುಂಬಿದರೆ ನೀರಿಳಿಯುವವರೆಗೆ ಕಾಯಬೇಕು. ಮಂಜು ಕವಿದರೆ ‘ನಾನಾಚಾ ಅಂಗಠಾ’ ಕಡಿಬಂಡೆಯ ಅಂಚು ಕಣ್ಣಿಗೆ ಬೀಳುವುದಿಲ್ಲ. ಹೊಸಬರಿಗೆ ಅಕ್ಟೋಬರಿನಿಂದ ಫೆಬ್ರವರಿ ಮೇಲು. ನಸುಕಿನಲ್ಲಿ ಹೊರಟು ಬೆಳಕಿರುವಾಗಲೇ ಇಳಿಯಬೇಕು, ಹಳ್ಳಿಯವರೊಬ್ಬರು ಜೊತೆಗಿರಬೇಕು. ತೊಟ್ಟಿಯ ನೀರನ್ನು ಕಾಯಿಸದೆ ಕುಡಿಯಬಾರದು.

ಗವಿಯೊಳಗೆ ಒಲೆ ಹೂಡಬಾರದು, ಗೋಡೆಯ ಮೇಲೆ ಹೆಸರು ಕೆತ್ತಬಾರದು. ಸಾಲುಗಳ ಎಷ್ಟೋ ಭಾಗ ಈಗಾಗಲೇ ಸವೆದುಹೋಗಿದೆ. ಹಸು, ಕುದುರೆ, ಆನೆಗಳನ್ನೆಲ್ಲ ಎಣಿಸಿಟ್ಟ ರಾಣಿಯ ಹೆಸರನ್ನೂ ಅಲ್ಲಿ ಪೂರ್ತಿಯಾಗಿ ಓದಲು ಇಂದು ಕಣ್ಣು ಕಿರಿದು ಮಾಡಿ ನಿಲ್ಲಬೇಕು.